ಹುಲಿಪಟ್ಟೆಯ ನಾಯಿ

ಕೂದಲಿಗೆ ಹಚ್ಚಲು ಕಪ್ಪು ಬಣ್ಣ ಕಲಸುವಾಗಲೆಲ್ಲ, ಆ ವಾಸನೆಗೆ ಭಂಡಿಗಡಿಯ ಚಿಕ್ಕಪ್ಪನ ನಾಯಿ ನೆನಪಾಗುತ್ತದೆ.

ತೋಟಕ್ಕೆ ನುಗ್ಗುವ ಮಂಗಗಳು ಹೆದರಲೆಂದು ಚಿಕ್ಕಪ್ಪ ಕಂದು ಬಣ್ಣದ ಪಿಟ್‌ಬುಲ್ ಜಾತಿಯ ನಾಯಿ ತಂದು, ಅದರ ಮೈಗೆ ಇದೇ ಬಣ್ಣದಲ್ಲಿ ಹುಲಿಪಟ್ಟೆ ಬಳಿದಿದ್ದ. ದಿನವಿಡೀ ಸರಪಳಿಯಲ್ಲಿ ಕಟ್ಟಿರುತ್ತಿದ್ದ. "ಹೊಟ್ಟೆ ತುಂಬಿದ್ರೆ ಸಿಟ್ಟು ಬರಲ್ಲ" ಎಂದು ಅನ್ನವನ್ನೂ ಅರೆಬರೆ ಹಾಕುತ್ತಿದ್ದ. ನಾನು ಹೋದರೆ ಮಾತ್ರ ಅದು ಬಾಲ ಅಲ್ಲಾಡಿಸಿ ಕೈ ನೆಕ್ಕುತ್ತಿತ್ತು.

ಒಂದು ಮಧ್ಯಾಹ್ನ ಅದು ಸರಪಳಿ ಕಿತ್ತುಕೊಂಡು ಪಕ್ಕದ ಮನೆಯ ಶೇಷಣ್ಣನ ಕಾಲು ಕಚ್ಚಿತು.

"ಈ ಜಾತಿನೇ ಹಂಗೆ ಮಾರಾಯ, ಸರ್ಕಾರ ಬ್ಯಾನ್ ಮಾಡ್ಬೇಕು" ಎಂದ ಶೇಷಣ್ಣ, ಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತ.

"ಹೌದು, ಜಾತಿದೇ ತಪ್ಪು" ಎಂದ ಚಿಕ್ಕಪ್ಪ.

"ಕಚ್ಚಲಿ ಅಂತ್ಲೇ ಅಲ್ವನಾ ನೀನು ಅದನ್ನ ಉಪವಾಸ ಕೆಡವಿದ್ದು?" ಎಂದಳು ಅಜ್ಜಿ.

ಹಾಗಾದರೆ ನನ್ನ ಕೈ ನೆಕ್ಕುತ್ತಿದ್ದದ್ದು ಯಾವ ಜಾತಿ ಎಂದು ನನಗೆ ತಿಳಿಯಲಿಲ್ಲ.

ನಾಯಿಯನ್ನು ಜೀಪಿನಲ್ಲಿ ಒಯ್ದರು. ಎಲ್ಲಿಗೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಊರು ಹೇಳಿದರು.

ಮರುವಾರ ಚಿಕ್ಕಪ್ಪ ನಾಟಿ ನಾಯಿಮರಿಯೊಂದನ್ನು ತಂದ. "ಇದು ಸಾಧು ಜಾತಿ, ಹೆದರ್ಬೇಡ" ಎಂದು ನನಗೆ ಹೇಳುತ್ತಲೇ ಅದನ್ನು ಅದೇ ಸರಪಳಿಗೆ ಕಟ್ಟಿ, ಬಣ್ಣ ಕಲಸಲು ಕೂತ.