ಅಣ್ಣನ ಕಾಲೇಜಿನ ಅರ್ಜಿ

ಈಗಲೂ ಶಾಯಿಯ ವಾಸನೆ ಬಂದರೆ ನನ್ನ ಕಣ್ಣು ತಾನಾಗಿ ಅಟ್ಟದ ಕಡೆ ಹೋಗುತ್ತದೆ.

ಅವತ್ತು ಮಧ್ಯಾಹ್ನ ಹೈಸ್ಕೂಲಿನ ಮೇಷ್ಟ್ರು ಹೊನ್ನಾಳಿಯ ನಮ್ಮ ಮನೆಗೇ ಬಂದು, ಅಣ್ಣನ ಕೈಯಲ್ಲಿ ಕಾಲೇಜಿನ ಅರ್ಜಿ ತುಂಬಿಸುತ್ತಿದ್ದರು. ಶಾಯಿ ದೌತಿ ಉರುಳದಂತೆ ನಾನು ಹಿಡಿದು ಕೂತಿದ್ದೆ.

"ಶಿವಮೊಗ್ಗದಾಗೆ ಪ್ರಿನ್ಸಿಪಾಲರು 'ಓದಿ ಏನಾಗ್ತೀಯ' ಅಂತ ಕೇಳ್ತಾರೆ. ನೆಲ ನೋಡ್ಕೊಂತ ನಿಲ್ಲಬ್ಯಾಡ, ತಲೆ ಎತ್ತಿ ಹೇಳು," ಎಂದರು.

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅಟ್ಟದಿಂದ ಇಲಿಯೊಂದು ಚಾಪೆಯ ಮೇಲೆ ಬಿದ್ದು, ಎರಡು ಸುತ್ತು ತಿರುಗಿ ಸತ್ತುಹೋಯಿತು. ಅಣ್ಣ ನಗುತ್ತಲೇ ಅದರ ಬಾಲ ಹಿಡಿದು ಹಿತ್ತಲಿಗೆ ಎಸೆದು ಬಂದ.

"ಅಯ್ಯೋ, ಮುಟ್ಟಿಬಿಟ್ಟೆಯೇನೋ!" ಒಳಗಿಂದ ಬಂದ ಅಜ್ಜಿ ಕೂಗಿದಳು. "ಇಲಿ ಬಿತ್ತು ಅಂದ್ರೆ ಊರಿಗೆ ಪ್ಲೇಗು ಬಂದೈತೆ ಅಂತ್ಲೇ. ಇವತ್ತೇ ಊರ ಹೊರಗೆ ಗುಡಿಸಲು ಹಾಕಾಕೆ ಹೊರಡ್ರಿ."

ಅವ್ವ ಆಗಲೇ ಪಾತ್ರೆಗಳನ್ನು ಅಂಗಳಕ್ಕೆ ಸಾಗಿಸುತ್ತಿದ್ದಳು. ಮೇಷ್ಟ್ರು ಮಾತ್ರ ಅರ್ಜಿ ಬಿಡಲಿಲ್ಲ. ಅಣ್ಣನ ಸಹಿ ಹಾಕಿಸಿ, ಶಾಯಿ ಆರುವವರೆಗೂ ಊದಿ, ಮಡಚಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ಬಾಗಿಲಲ್ಲಿ ನಿಂತು ಮತ್ತೆ ಕೇಳಿದರು: "ಓದಿ ಏನಾಗ್ತೀಯಪ್ಪಾ?"

"ಡಾಕ್ಟ್ರು ಆಗ್ತೀನಿ ಸಾರ್," ಅಂದ ಅಣ್ಣ, ತಲೆ ಎತ್ತಿ.

ಶಾಬಾಷ್ ಎಂದು ಅವನ ಬೆನ್ನು ತಟ್ಟಲು ಎತ್ತಿದ ಕೈಯನ್ನು ಮೇಷ್ಟ್ರು ಅರ್ಧಕ್ಕೇ ಹಿಂದೆ ತೆಗೆದುಕೊಂಡರು.