ಕುಸುಮಕ್ಕನ ನಾಗಬನ

ಕುಸುಮಾವತಿ ಕತ್ತಿ ಎತ್ತಿದ್ದೇ ತಡ, ಲುಂಗಿಯಲ್ಲಿದ್ದ ದೇವು ಜೆಸಿಬಿಯಿಂದ ಹಾರಿ ಬರಿಗಾಲಲ್ಲೇ ಓಟ ಕಿತ್ತ. ನಾಗಬನಕ್ಕೆ ಕಾಲಿಟ್ಟರೆ ಕಾಲೇ ಉಳಿಯುವುದಿಲ್ಲ ಎಂದು ಆಕೆ ಅವನ ಬೆನ್ನಿಗೆ ಕೂಗಿದಳು.

ಜೀಪಿನ ಪಕ್ಕ ನಿಂತು ನೋಡುತ್ತಿದ್ದ ರಂಜನನಿಗೆ ಮೈಯೆಲ್ಲ ಉರಿಯಿತು. ತೆಕ್ಕಟ್ಟೆಯಿಂದ ಕಡಲ ಕಡೆಗಿದ್ದ ಅಣು ಇಂಧನದ ಕಾರ್ಖಾನೆ ಬಾಗಿಲು ಹಾಕಿ ವರ್ಷಗಳೇ ಕಳೆದಿದ್ದವು. ಆ ನೆಲವನ್ನು ಶುದ್ಧ ಮಾಡಿಸುವ ಕೆಲಸ ಈಗ ಈ ಅಧಿಕಾರಿಯ ತಲೆಗೆ ಬಂದಿತ್ತು. ಕಟ್ಟಡ ಕೆಡವಿದ್ದಾಯಿತು, ಅಂಗಳದ ಮಣ್ಣು ಕೆರೆದು ಸಾಗಿಸಿದ್ದಾಯಿತು. ವಿಷದ ಕಸ ತುಂಬಿದ್ದ ಕೆಲವು ಡ್ರಮ್ಮುಗಳು ಮಾತ್ರ ಎಲ್ಲಿ ಹೋದವೆಂದು ಯಾರಿಗೂ ಗೊತ್ತಿರಲಿಲ್ಲ. ಅವು ತುಕ್ಕು ಹಿಡಿದು ಒಡೆದರೆ ಊರಿನ ಬಾವಿಗಳ ಕಥೆ ಮುಗಿದಂತೆ. ಅಗೆಯದೆ ಉಳಿದದ್ದು ಕಾರ್ಖಾನೆ ಬೇಲಿಯ ಮೂಲೆಯ ಈ ಬನ ಒಂದೇ.

ಊರಲ್ಲಿ ಗಲಾಟೆಯಾದೀತೆಂದು ಮೇಲಿನವರು ಡ್ರಮ್ಮಿನ ಸುದ್ದಿ ಎತ್ತಕೂಡದು ಎಂದಿದ್ದರು. ಹಾಗಾಗಿ ಕೇಳಿದವರಿಗೆಲ್ಲ ಅವನು ಬರೇ ಮಣ್ಣಿನ ಪರೀಕ್ಷೆ ಎನ್ನುತ್ತಿದ್ದ.

ಬನ ಮಾಡಿದ್ದು ಕುಸುಮಾವತಿಯ ಗಂಡ ಮಂಜಯ್ಯ, ಕಾರ್ಖಾನೆಯ ಲಾರಿ ಚಾಲಕ. ನಾಗ ಕನಸಿನಲ್ಲಿ ಬಂದನೆಂದು ಕಲ್ಲು ನೆಟ್ಟು, ಸುತ್ತ ಗಿಡ ಹಾಕಿ, ಬೇಲಿ ಕಟ್ಟಿ, ಹೆಚ್ಚು ದಿನ ಬಾಳದೆ ತೀರಿಕೊಂಡ. ಅಂದಿನಿಂದ ಕಾವಲು ಹೆಂಡತಿಯದು. ಅವಳ ಮಡಿ ಊರಿಗೇ ಹೆಸರುವಾಸಿ. ನಾಗರಪಂಚಮಿಗೆ ತಂದ ಹಾಲನ್ನು ಬೇಲಿಯ ಹೊರಗೇ ಇಟ್ಟು ಹೋಗಬೇಕು. ತೀರ್ಥ ಕೊಡುವ ಮಾತೇ ಇಲ್ಲ. ಬನದ ಎಲೆಗೆ ದನ ಬಾಯಿ ಹಾಕುವಂತಿಲ್ಲ. ಚೆಂಡು ಹೆಕ್ಕಲು ನುಗ್ಗಿದ ಮಗುವಿಗೆ ಬಾಸುಂಡೆ ಬರುವಂತೆ ಬಾರಿಸಿದ್ದಳು. ತಾನೂ ಒಳಗೆ ಕಾಲಿಟ್ಟವಳಲ್ಲ. ಊರವರು ಇದನ್ನೆಲ್ಲ ಭಕ್ತಿ ಎಂದರು. ರಂಜನ್ ಮಾತ್ರ ಸೊಕ್ಕು ಎಂದ.

ಕೊನೆಗೆ ಅವನು ಊರವರನ್ನೇ ಹಿಡಿದ. ತಂತ್ರಿಗಳನ್ನು ಕರೆಸಿ, ವಿಧಿ ಪ್ರಕಾರ ನಾಗನನ್ನು ಬೇರೆ ಕಡೆ ಪ್ರತಿಷ್ಠೆ ಮಾಡಿಸೋಣ, ಖರ್ಚು ನಮ್ಮದೇ ಎಂದ. ಊರು ಒಪ್ಪಿತು. ತಂತ್ರಿಗಳು ಒದ್ದೆ ಪಂಚೆ ಉಟ್ಟು, ಬರಿಮೈಯಲ್ಲಿ, ಬರಿಗಾಲಲ್ಲಿ ಬನದ ಬಾಗಿಲಿಗೆ ಬಂದರು. ಕುಸುಮಾವತಿ ಕತ್ತಿ ಹಿಡಿದು ಅಡ್ಡ ನಿಂತಳು.

“ತಂತ್ರಿಗಳ್ ಒಳಗ್ ಹೋಪುಕಾಗ.”

ಅಷ್ಟರವರೆಗೆ ಅವಳ ಬೆನ್ನಿಗಿದ್ದ ಊರು ಒಮ್ಮೆಲೇ ತಿರುಗಿಬಿತ್ತು. ನೆರೆಮನೆಯ ಶೇಖರ ಮುಂದೆ ಬಂದ.

“ಎಂತ ಕುಸುಮಕ್ಕ, ನಾಗನ್ಕಿಂತ ನೀನೇ ದೊಡ್ಡವ್ಳಾ?”

ಯಾರೋ ಕಲ್ಲು ಎಸೆದರು. ಅದು ಅವಳ ಭುಜಕ್ಕೆ ಬಡಿಯಿತು. ಅವಳು ಜಾಗ ಬಿಡಲಿಲ್ಲ.

ರಂಜನನ ತಾಳ್ಮೆ ಮುಗಿಯಿತು. ಜೀಪಿನಿಂದ ಬಿಳಿ ರಕ್ಷಾಕವಚ ತೆಗೆದು ತೊಟ್ಟ. ಬೂಟು, ಕೈಗವಸು, ಮುಖಕ್ಕೆ ಮಾಸ್ಕು. ಈ ಊರಲ್ಲಿ ಅವನು ಅದನ್ನು ತೊಟ್ಟದ್ದು ಅದೇ ಮೊದಲು. ಕಡಿಯುವುದಾದರೆ ಕಡಿಯಲಿ ಎಂದುಕೊಂಡು ನೇರ ಅವಳ ಮುಂದೆ ಹೋಗಿ ನಿಂತ.

ಕುಸುಮಾವತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕತ್ತಿ ಕೆಳಗಿಟ್ಟಳು. ಬಾಗಿಲ ಹಗ್ಗ ಬಿಚ್ಚಿ, ಅವನಿಗಷ್ಟೇ ಕೇಳುವಂತೆ ಹೇಳಿದಳು.

“ನೀವ್ ಹೋಯ್ಲಕ್ಕ್. ಅಲ್ಲ್ ಯಾವ ನಾಗನೂ ಇಲ್ಲ. ಕಾರ್ಖಾನೆಯವ್ರ್ ಹೇಳ್ದಾಂಗೆ ಡ್ರಮ್ ಹುಗಿದದ್ದ್ ನಮ್ಮನಿಯವ್ರೇ, ಅದ್ರ ಮೇಲೆ ಯಾರೂ ಕಾಲ್ ಇಡುಕಾಗ ಅಂದೇಳಿ ಕಲ್ಲ್ ನೆಟ್ಟದ್ದೂ ಅವ್ರೇ.”