ಸೋಮವಾರದ ಗುಳಿಗೆ

"ಅವ್ವಗ ಏನ್ ತಿನ್ನಿಸೀದಿ? ಖರೇ ಹೇಳು."

ಆಸ್ಪತ್ರೆಯ ವರಾಂಡದಲ್ಲಿ ನಾಲ್ಕು ಜನ ತಿರುಗಿ ನೋಡಿದರು. ಕುಮುದಾ ದನಿ ತಗ್ಗಿಸಲಿಲ್ಲ. ಕಲಬುರಗಿಯಿಂದ ರೈಲು ಹತ್ತಿ, ಸಿಕಂದರಾಬಾದಿನಲ್ಲಿ ಇಳಿದು ನೇರ ಇಲ್ಲಿಗೇ ಬಂದಿದ್ದಳು. ಒಳಗೆ ತಾಯಿ ಗುರುದೇವಿಯ ಬಾಯಿ ತುಂಬ ಹುಣ್ಣು. ಗುಟುಕು ನೀರೂ ಇಳಿಯುತ್ತಿರಲಿಲ್ಲ. ತಮ್ಮ ವಿನಾಯಕ ಬಾಲಾನಗರದ ಫ್ಯಾಕ್ಟರಿಯ ಡ್ಯೂಟಿ ಬಿಟ್ಟು ರಕ್ತ ಹುಡುಕಲು ಓಡಿದ್ದ.

ಅವನ ಹೆಂಡತಿ ಸಿಂಚನಾ ತಲೆ ತಗ್ಗಿಸಿ ನಿಂತಿದ್ದಳು.

"ಮದ್ಲ ಅತ್ತಿಯವ್ರದು ಸೋಮವಾರ ಅಷ್ಟ ಉಪಾಸ ಇತ್ತು ಅಕ್ಕಾರ. ಶ್ರಾವಣ ಹಿಡದಾಗಿಂದ ದಿನಾ ಒಂದೊತ್ತು ಊಟ ಮಾಡ್ತಿದ್ರು. ಆಮ್ಯಾಲೆ ಅದೂ ಬಿಟ್ರು. ವ್ರತ ಅಂತ ಸುಮ್ಮನಾದೆ."

"ವ್ರತದ ನೆವ ಹೇಳಬ್ಯಾಡ!"

ಕುಮುದಾಗೆ ಮೈಯೆಲ್ಲ ಉರಿಯಿತು. ಅಷ್ಟು ದೂರದಿಂದ ದಿನಾ ಫೋನ್ ಮಾಡಿ ತಾಯಿಯ ಔಷಧ, ಪಥ್ಯ ನೋಡಿಕೊಂಡವಳು ತಾನು. ಒಂದೇ ಮನೆಯಲ್ಲಿದ್ದವಳಿಗೆ ಏನಾಗಿತ್ತು?

ಡಾಕ್ಟರ್ ರವಿಶಂಕರ್ ಮೈಸೂರಿನವರು. ಖಾಲಿ ಗುಳಿಗೆಯ ಪಟ್ಟಿ ಹಿಡಿದು ಹೊರಬಂದರು.

"ಕೀಲುನೋವಿನ ಮಾತ್ರೆ. ಸೋಮವಾರ ಮಾತ್ರ ಅಂತ ಬರೆದುಕೊಟ್ಟಿದ್ದೆ. ಹನ್ನೆರಡು ದಿನ ದಿನಾ ನುಂಗಿದ್ದಾರೆ."

"ಅದರಿಂದ ಹಿಂಗಾತೇನ್ರಿ?"

"ಹೊಸ ಜೀವಕೋಶ ಹುಟ್ಟೋಕೆ ಬೇಕಾದ ಸಾಮಗ್ರಿ ತಯಾರಿಸೋ ಒಂದು ಕಿಣ್ವ ಇದೆ. ಈ ಔಷಧಿ ಅದರೊಳಗೆ ಹೋಗಿ ಕೂತು ಕೆಲಸ ತಡೆಯುತ್ತೆ. ವಾರಕ್ಕೊಮ್ಮೆಯಾದರೆ ದೇಹ ಸುಧಾರಿಸಿಕೊಳ್ಳುತ್ತೆ. ದಿನಾ ಆದರೆ ಬಾಯೊಳಗೆ, ರಕ್ತದಲ್ಲಿ ಹೊಸದೇ ಹುಟ್ಟಲ್ಲ. ಆ ತಡೆ ದಾಟಿಸೋ ಇಂಜೆಕ್ಷನ್ ಕೊಡ್ತಿದ್ದೀವಿ. ಮೂರು ದಿನ ಕಳೀಬೇಕು."

"ಕೇಳಿದಿಯಲ್ಲ? ದಿನಾ ಕೊಟ್ಟು ಕೊಲ್ಲಾಕ ಹೊಂಟಿದ್ದಿ!"

"ನಾ ಕೊಟ್ಟಿಲ್ರಿ. ಅವ್ರೇ ತಗೋತಿದ್ರು. ನಾ ಕೇಳಬೇಕಿತ್ತು." ನರ್ಸ್ ಕೂಡ ನಿಂತು ನೋಡುತ್ತಿದ್ದಳು. ನಾಚಿಕೆಯಿಂದ ಸಿಂಚನಾಳ ಕಿವಿಯವರೆಗೂ ಕೆಂಪೇರಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ತಪ್ಪು ತನ್ನದೇ ಇರಬೇಕೆಂದು ಅವಳಿಗೂ ಅನ್ನಿಸತೊಡಗಿತ್ತು.

ಕುಮುದಾ ಬಿಡಲಿಲ್ಲ. ಅವಳ ಕೈ ಹಿಡಿದು ಹಾಸಿಗೆಯ ಹತ್ತಿರ ಎಳೆದೊಯ್ದಳು. ಡಾಕ್ಟರೂ ಹಿಂದೆಯೇ ಬಂದರು.

"ಅವ್ವಾ, ಇವರ ಮುಂದ ಹೇಳು. ದಿನಾ ಗುಳಿಗಿ ತಗೋ ಅಂದಾಕಿ ಯಾರು?"

ಗುರುದೇವಿ ಕಣ್ಣು ತೆರೆದಳು. ಹುಣ್ಣಾದ ತುಟಿಗಳು ಕಷ್ಟದಿಂದ ಅಲುಗಿದವು.

"ಆಕೀನ್ನ ಯಾಕ ಬೈತಿ ಕುಮುದಾ? ಉಪಾಸದ ದಿನ ತಗೋ, ಮರೆಯಾಂಗಿಲ್ಲ ಅಂತ ಫೋನಿನ್ಯಾಗ ನೀನ ಹೇಳಿದ್ದಿಯಲ್ಲ. ಶ್ರಾವಣದಾಗ ನಂದು ದಿನಾ ಉಪಾಸ."